ಕಡಲಿನ ಎರಡು ದಡದಲ್ಲಿ ಕೂತು ಹರಟಿದವರು

'ದ ಬ್ಯೂಗಲ್' ಪಾಡ್‌ಕಾಸ್ಟ್ ಹುಟ್ಟುಹಾಕಿದ ಇಬ್ಬರು ಹಾಸ್ಯಗಾರರು ಮೊದಲಿನಿಂದಲೂ ಬೇರೆ ಬೇರೆ ಖಂಡಗಳಲ್ಲಿ ಕೂತು ಮಾತಾಡಿದವರು. ಆಂಡಿ ಝಾಲ್ಟ್ಸ್‌ಮನ್ ಲಂಡನ್ನಿನಲ್ಲಿ, ಜಾನ್ ಆಲಿವರ್ ನ್ಯೂಯಾರ್ಕಿನಲ್ಲಿ. ನಡುವೆ ಅಟ್ಲಾಂಟಿಕ್ ಸಾಗರ, ಗಡಿಯಾರದಲ್ಲಿ ಐದು ಗಂಟೆಯ ಅಂತರ. ಲಂಡನ್ನಿನವರ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ನ್ಯೂಯಾರ್ಕಿನವರ ಬೆಳಗಿನ ಕಾಫಿಯೂ ಆಗಿರುವುದಿಲ್ಲ. 2007ರ ಅಕ್ಟೋಬರ್‌ನಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಅವರು ಮಾಡಿದ್ದಿಷ್ಟು: ವಾರಕ್ಕೊಮ್ಮೆ ಮೈಕಿನ ಮುಂದೆ ಕೂತು, ಆ ವಾರ ಲೋಕದಲ್ಲಿ ಏನೇನಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಪ್ರಧಾನಿ, ಅಧ್ಯಕ್ಷ, ಸರ್ವಾಧಿಕಾರಿ, ಮುಳುಗಿದ ಬ್ಯಾಂಕು, ಫುಟ್‌ಬಾಲು, ಕ್ರಿಕೆಟ್ಟು ಎಲ್ಲವೂ ಆ ಹರಟೆಗೆ ಸರಕು. ಇದಕ್ಕಿಂತ ಹೆಚ್ಚು ಜನ ಕೇಳಿದ ಹಾಸ್ಯ ಪಾಡ್‌ಕಾಸ್ಟ್‌ಗಳು ಇಂಗ್ಲಿಷಿನಲ್ಲಿ ಆಮೇಲೆ ಬೇಕಾದಷ್ಟು ಬಂದವು. ಇಬ್ಬರು ಕೂತು ಮಾತಾಡುವುದು ಒಂದು ಕಸುಬು ಎಂದು ಇದರಷ್ಟು ಚೆನ್ನಾಗಿ ನನಗೆ ತೋರಿಸಿಕೊಟ್ಟದ್ದು ಮಾತ್ರ ಇನ್ನೊಂದಿಲ್ಲ.

ಪಾಡ್‌ಕಾಸ್ಟ್ ಎಂಬ ಹೆಸರಿಗೇ ಆಗ ಮೂರು ವರ್ಷ ವಯಸ್ಸು. ಪತ್ರಕರ್ತ ಬೆನ್ ಹ್ಯಾಮರ್ಸ್ಲಿ 'ದ ಗಾರ್ಡಿಯನ್'ನಲ್ಲಿ ಆ ಹೆಸರನ್ನು ಬಳಸಿದ್ದು 2004ರ ಫೆಬ್ರವರಿಯಲ್ಲಿ. ಮರುವರ್ಷ ಆಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಿಕಿ ಜರ್ವೇಸ್, ಸ್ಟೀಫನ್ ಮರ್ಚೆಂಟ್ ಮತ್ತು ಕಾರ್ಲ್ ಪಿಲ್ಕಿಂಗ್ಟನ್ ಗಾರ್ಡಿಯನ್ ಜಾಲತಾಣದಲ್ಲಿ ಶುರು ಮಾಡಿದ ಮಾತುಕತೆ ಮೊದಲ ತಿಂಗಳಲ್ಲೇ ಸಂಚಿಕೆಗೆ ಸರಾಸರಿ 2,61,670 ಡೌನ್‌ಲೋಡ್ ಕಂಡು ಗಿನ್ನೆಸ್ ದಾಖಲೆ ಸೇರಿತು. ರೇಡಿಯೊ ನಿಲಯದ ಅಪ್ಪಣೆ ಇಲ್ಲದೆ, ಬರೀ ಮಾತನ್ನು ಕೇಳಲು ಜನ ಇದ್ದಾರೆ ಎಂಬುದು ಪತ್ರಿಕೆಗಳಿಗೂ ಹೊಳೆಯಿತು. ಲಂಡನ್ನಿನ ಟೈಮ್ಸ್ ಪತ್ರಿಕೆಯ ಆನ್‌ಲೈನ್ ವಿಭಾಗ ಝಾಲ್ಟ್ಸ್‌ಮನ್ ಮತ್ತು ಆಲಿವರ್ ಜೋಡಿಯನ್ನು ಹಿಡಿಯಿತು.

ಜೋಡಿ ಹೊಸತಲ್ಲ. 1974ರಲ್ಲಿ ಹುಟ್ಟಿದ ಝಾಲ್ಟ್ಸ್‌ಮನ್ ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಓದಿದವರು. ಅವರಿಗಿಂತ ಎರಡೂವರೆ ವರ್ಷ ಕಿರಿಯರಾದ ಆಲಿವರ್ ಕೇಂಬ್ರಿಜ್‌ನ ಹೆಸರಾಂತ ವಿದ್ಯಾರ್ಥಿ ನಾಟಕ ತಂಡ 'ಫುಟ್‌ಲೈಟ್ಸ್'ನಲ್ಲಿ ಪಳಗಿದವರು. ಇಬ್ಬರೂ ಲಂಡನ್ನಿನ ಸ್ಟ್ಯಾಂಡ್-ಅಪ್ ವೇದಿಕೆಗಳಲ್ಲಿ ಕೂಡಿಕೊಂಡು 'ಪೊಲಿಟಿಕಲ್ ಅನಿಮಲ್' ಎಂಬ ರಾಜಕೀಯ ಹಾಸ್ಯದ ಪ್ರದರ್ಶನ ನಡೆಸಿದರು, ಬಿಬಿಸಿ ರೇಡಿಯೊ 4ಕ್ಕೆ ಕ್ರಿಸ್ ಆ್ಯಡಿಸನ್ ಜತೆ 'ದ ಡಿಪಾರ್ಟ್‌ಮೆಂಟ್' ಎಂಬ ಸರಣಿ ಮಾಡಿದರು. 2006ರಲ್ಲಿ ಆಲಿವರ್‌ಗೆ ಅಮೆರಿಕದ 'ದ ಡೈಲಿ ಶೋ' ಎಂಬ ಟೀವಿ ಹಾಸ್ಯ ಕಾರ್ಯಕ್ರಮದಿಂದ ಕರೆ ಬಂತು. ಅವರು ನ್ಯೂಯಾರ್ಕಿಗೆ ಹೊರಟರು. ಊರು ಬಿಟ್ಟ ಗೆಳೆಯನ ಜತೆ ವಾರಕ್ಕೊಮ್ಮೆ ಮಾತಾಡಲು ಬ್ಯೂಗಲ್ ಒಂದು ನೆಪವಾಯಿತು. ಕೇಳುಗರಾದ ನಾವು ಆ ಕರೆಯ ಇನ್ನೊಂದು ತುದಿಯಲ್ಲಿ ಕಿವಿಗೊಟ್ಟು ಕೂತೆವು.

ಬ್ಯೂಗಲ್ ತನ್ನನ್ನು ದೃಶ್ಯಲೋಕಕ್ಕೊಂದು ಶ್ರವ್ಯ ಪತ್ರಿಕೆ ಎಂದು ಕರೆದುಕೊಂಡಿತು. ಆ ಪತ್ರಿಕೆಯ ವೇಷವನ್ನು ಇಬ್ಬರೂ ಕೊನೆತನಕ ನಿಭಾಯಿಸಿದರು. ಸಂಚಿಕೆಗಳಿಗೆ ನಂಬರು, ಮೊದಲ ಪುಟದ ಸುದ್ದಿ, ಕ್ರೀಡಾಪುಟ, ಓದುಗರ ಓಲೆಯ ಜಾಗದಲ್ಲಿ ಕೇಳುಗರ ಇಮೇಲು. ಬ್ರಿಟನ್ನಿನ ಭಾನುವಾರದ ಪತ್ರಿಕೆಗಳು ಕಂತೆಗಟ್ಟಲೆ ಪುರವಣಿಗಳ ಸಮೇತ ಬರುತ್ತವೆ, ಮನೆಯವರು ಅದರಲ್ಲಿ ಒಂದೆರಡನ್ನು ತೆರೆಯದೆಯೇ ಕಸದ ಬುಟ್ಟಿಗೆ ಹಾಕುತ್ತಾರೆ. ಬ್ಯೂಗಲ್‌ನಲ್ಲೂ ಪ್ರತಿ ವಾರ ಒಂದು ಪುರವಣಿ ನೇರವಾಗಿ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಘೋಷಣೆಯಾಗುತ್ತಿತ್ತು. ಆ ವಾರದ ಪುರವಣಿ ಯಾವುದರ ಮೇಲೆ, ಒಳಗೆ ಏನೇನಿದೆ ಎಂದು ಝಾಲ್ಟ್ಸ್‌ಮನ್ ಗಂಭೀರವಾಗಿ ಒಂದು ಕಾಲ್ಪನಿಕ ಪರಿವಿಡಿ ಓದುತ್ತಿದ್ದರು. ಇತಿಹಾಸದ ಚೆಲುವ ಚೆಲುವೆಯರನ್ನು ಕೇಳುಗರೇ ಸೂಚಿಸುವ ಒಂದು ವಿಭಾಗವಿತ್ತು. ಕಿವಿಯಲ್ಲೇ ಕೇಳಿ ಬಿಡಿಸಬೇಕಾದ ಪದಬಂಧವೂ ಇತ್ತು.

ಇದೆಲ್ಲ ಅಲಂಕಾರ. ಬ್ಯೂಗಲ್‌ನ ಜೀವ ಇರುವುದು ಇನ್ನೊಂದು ಕಡೆ. ಅದನ್ನು ತಿಳಿಯಬೇಕಾದರೆ ಝಾಲ್ಟ್ಸ್‌ಮನ್‌ರ ಪನ್ (ಶ್ಲೇಷೆ) ಸರಪಳಿಯನ್ನು ಹತ್ತಿರದಿಂದ ಕೇಳಬೇಕು. ಯಾವುದೋ ಸುದ್ದಿ ಹೇಳುತ್ತ ಹೇಳುತ್ತ ಅವರು ಒಂದು ಪನ್ ಉದುರಿಸುತ್ತಾರೆ. ಅದು ಅಕಸ್ಮಾತ್ ಬಂದದ್ದೆಂದು ಕೇಳುಗ ಬಿಟ್ಟುಬಿಡುತ್ತಾನೆ. ಎರಡು ವಾಕ್ಯ ಕಳೆದ ಮೇಲೆ ಅದೇ ಜಾತಿಯ ಇನ್ನೊಂದು ಬೀಳುತ್ತದೆ. ಮೂರನೆಯದು ಬರುವಷ್ಟರಲ್ಲಿ ನ್ಯೂಯಾರ್ಕಿನ ತುದಿಯಿಂದ ಒಂದು ಸಣ್ಣ ನರಳಾಟ. ಇನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲವೆಂದು ಆಲಿವರ್‌ಗೆ ಗೊತ್ತಾಗಿದೆ. ಹತ್ತಾಗುತ್ತದೆ, ಹದಿನೈದಾಗುತ್ತದೆ. ಝಾಲ್ಟ್ಸ್‌ಮನ್‌ರ ಧ್ವನಿ ಏರುವುದಿಲ್ಲ, ಇಳಿಯುವುದಿಲ್ಲ, ನಗುವಿನ ಸುಳಿವೂ ಅದರಲ್ಲಿರುವುದಿಲ್ಲ. ಆಲಿವರ್ ಮೊದಲು ಬೇಡವೆನ್ನುತ್ತಾರೆ, ಆಮೇಲೆ ಗೋಗರೆಯುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ. ಕೊನೆಗೆ ಗಂಟಲಲ್ಲಿ ತಡೆದು ಹಿಡಿದಿದ್ದ ನಗು ಒಡೆದು, ಉಸಿರು ಸಿಕ್ಕಿ, ಮಾತೇ ನಿಂತುಹೋಗುತ್ತದೆ. ಆ ಮೌನದ ನಡುವೆ ಝಾಲ್ಟ್ಸ್‌ಮನ್ ಮತ್ತೆ ಒಂದನ್ನು ಸೇರಿಸುತ್ತಾರೆ.

ಕೈಲಾಸಂ, ವೈಎನ್ಕೆ ಇವರನ್ನು ಓದಿದ ಕನ್ನಡಿಗರಿಗೆ ಪನ್ನಿನ ಸುಖ ಹೊಸತೇನಲ್ಲ. ಇಲ್ಲಿ ನಾನು ತೋರಿಸಬೇಕೆಂದಿರುವುದು ಆಲಿವರ್‌ರ ಪಾತ್ರವನ್ನು. ಆ ಸರಪಳಿಯಲ್ಲಿ ಅವರು ಒಂದೂ ಹಾಸ್ಯದ ಮಾತು ಆಡಿಲ್ಲ. ಅವರು ಅಲ್ಲಿ ಇರದಿದ್ದರೆ ಆ ಪನ್‌ಗಳು ಒಂದು ಪಟ್ಟಿಯಾಗಿ ಉಳಿಯುತ್ತಿದ್ದವು. ನರಳಾಟ, ಗೋಗರೆತ, ನಗು ಸೇರಿದ್ದರಿಂದ ಅದೊಂದು ಪ್ರಸಂಗವಾಯಿತು. ಕರಾವಳಿಯ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಕಥೆ ಸಭೆಗೆಲ್ಲ ಗೊತ್ತಿರುವುದೇ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಮಲ್ಪೆ ರಾಮದಾಸ ಸಾಮಗರು ಕೂತಿದ್ದಾರೆಂದರೆ ಜನ ರಾತ್ರಿಯಿಡೀ ಕೂರುತ್ತಿದ್ದುದು ಇಬ್ಬರ ನಡುವೆ ಏನು ಹುಟ್ಟುತ್ತದೆ ಎಂಬ ಆಸೆಯಿಂದ. ಎದುರಿನ ಅರ್ಥಧಾರಿ (ಮಾತುಗಾರ) ಸರಿಯಾಗಿ ಕೇಳಿಸಿಕೊಂಡರೆ ಮಾತ್ರ ಈ ಕಡೆಯವನ ಮಾತಿಗೆ ಬೆಲೆ. ಬ್ಯೂಗಲ್‌ನ ಹಳೆಯ ಸಂಚಿಕೆಗಳಲ್ಲಿ ಆ ಕೇಳಿಸಿಕೊಳ್ಳುವಿಕೆ ಇದೆ. ಒಬ್ಬರು ಬರೆದು ತಂದದ್ದನ್ನು ಇನ್ನೊಬ್ಬರು ಆಗಲೇ ಮೊದಲ ಸಲ ಕೇಳುತ್ತಿರುವುದು ಆ ನಗುವಿನಲ್ಲೇ ತಿಳಿಯುತ್ತದೆ.

ಹಾಗೆ ಕೇಳುತ್ತ ಹೋದರೆ ಸುದ್ದಿಯ ಸಂದುಗಳಲ್ಲಿ ಇಬ್ಬರ ದಿನನಿತ್ಯವೂ ಸಿಗುತ್ತದೆ. ಆಲಿವರ್ ಪರದೇಶದಲ್ಲಿ ವೀಸಾದ ಮೇಲೆ ಬದುಕುತ್ತಿದ್ದವರು, ಗ್ರೀನ್ ಕಾರ್ಡ್ ಸಿಕ್ಕಿದ್ದು 2009ರಲ್ಲಿ. ಅಮೆರಿಕ ಸರ್ಕಾರವನ್ನು ದಿನವೂ ಟೀವಿಯಲ್ಲಿ ಗೇಲಿ ಮಾಡುವ ಮನುಷ್ಯನಿಗೆ ಅದೇ ಸರ್ಕಾರದ ವಲಸೆ ಕಚೇರಿಯ ಮುಂದೆ ನಿಲ್ಲುವ ಅಳುಕು. ಲಿವರ್‌ಪೂಲ್ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿಗೆ ತನ್ನ ಆಟ ಯಾರಿಗೂ ಅರ್ಥವಾಗದ ದೇಶದಲ್ಲಿ ಇರಬೇಕಾದ ಸಂಕಟ. ಈ ಕಡೆ ಝಾಲ್ಟ್ಸ್‌ಮನ್ ಊರೂರು ತಿರುಗಿ ಸ್ಟ್ಯಾಂಡ್-ಅಪ್ ಮಾಡುವವರು, ಕ್ರಿಕೆಟ್ಟೆಂದರೆ ಊಟ ನಿದ್ದೆ ಬಿಡುವವರು. ಇಷ್ಟೆಲ್ಲವನ್ನೂ ಅವರು ಆತ್ಮಕಥೆಯ ಹಾಗೆ ಹೇಳಿಕೊಂಡದ್ದಲ್ಲ. ಚುನಾವಣೆಯ ಸುದ್ದಿಯ ನಡುವೆ ಅರ್ಧ ವಾಕ್ಯದಲ್ಲಿ ಬಂದು ಹೋಗುತ್ತಿತ್ತು. ಸ್ವಂತ ಬದುಕನ್ನು ಅಷ್ಟು ಮಿತವಾಗಿ ಬಳಸಿದ್ದರಿಂದಲೇ ಕೇಳುಗರಿಗೆ ಅವರು ಹತ್ತಿರದವರಾದರು. ಇಂದಿನ ಎಷ್ಟೋ ಪಾಡ್‌ಕಾಸ್ಟ್‌ಗಳು ಮನೆಯೊಳಗಿನ ಎಲ್ಲವನ್ನೂ ಬೀದಿಗೆ ಹರವುತ್ತವೆ. ಅವುಗಳ ನಡುವೆ ಈ ಮಿತ ಇನ್ನೂ ಹೆಚ್ಚು ಬೆಲೆಯದೆಂದು ನನಗೆ ಅನ್ನಿಸುತ್ತದೆ.

2011ರ ಜುಲೈ ತಿಂಗಳು ಬ್ಯೂಗಲ್‌ಗೆ ಸತ್ವಪರೀಕ್ಷೆ. 'ನ್ಯೂಸ್ ಆಫ್ ದ ವರ್ಲ್ಡ್' ಪತ್ರಿಕೆಯವರು ಜನರ ಫೋನ್ ಸಂದೇಶಗಳನ್ನು ಕದ್ದು ಕೇಳುತ್ತಿದ್ದ ಹಗರಣ ಸ್ಫೋಟಗೊಂಡು, 168 ವರ್ಷದ ಆ ಪತ್ರಿಕೆ ಮುಚ್ಚಿತು. ಅದರ ಮಾಲೀಕ ರೂಪರ್ಟ್ ಮರ್ಡಾಕ್. ಬ್ಯೂಗಲ್‌ಗೆ ಆಶ್ರಯ ಕೊಟ್ಟಿದ್ದ ಟೈಮ್ಸ್‌ನ ಮಾಲೀಕರೂ ಅವರೇ. ಅನ್ನ ಹಾಕುವ ಧಣಿಯ ಮೇಲೆಯೇ ಮಾತಾಡಬೇಕಾದ ಪ್ರಸಂಗ. ಇಬ್ಬರೂ ಹಿಂದೆಮುಂದೆ ನೋಡದೆ, ಯಾವ ರಾಜಕಾರಣಿಗೂ ತೋರಿಸದಷ್ಟು ಹುರುಪಿನಿಂದ ಆ ಹಗರಣವನ್ನು ಜಾಲಾಡಿದರು. ಅದೇ ವರ್ಷದ ಕೊನೆಯಲ್ಲಿ ಟೈಮ್ಸ್ ಜತೆಗಿನ ನಂಟು ಮುಗಿಯಿತು.

ಆಗ ಉಳಿದದ್ದು ಕೇಳುಗರು. ಬ್ಯೂಗಲ್ ಸ್ವತಂತ್ರವಾಗಿ ಮುಂದುವರಿಯಲು ಅವರ ಮುಂದೆ ಕೈ ಚಾಚಿತು. ದುಡ್ಡು ಕಡ್ಡಾಯವಲ್ಲ, ಕೊಡದವರಿಗೂ ಸಂಚಿಕೆ ಸಿಗುತ್ತದೆ, ಕೊಡಬೇಕೆನ್ನಿಸಿದವರು ಕೊಡಿ. ಜನ ಕೊಟ್ಟರು. ಪುಕ್ಕಟೆ ಸಿಗುವ ವಸ್ತುವಿಗೆ ಜನ ತಾವಾಗಿ ದುಡ್ಡು ಕೊಡುತ್ತಾರೆ ಎಂಬುದನ್ನು ಆಗ ನಂಬುವವರು ಕಡಿಮೆ. ಹೆಚ್ಚು ಕೊಟ್ಟವರಿಗೆ ಪ್ರತಿಯಾಗಿ ಸಿಗುವ ಮರ್ಯಾದೆಯೂ ಬ್ಯೂಗಲ್‌ನದೇ ಶೈಲಿಯದು: ಆಮೇಲಿನ ವರ್ಷಗಳಲ್ಲಿ ಸಂಚಿಕೆಯ ಕೊನೆಗೆ ಝಾಲ್ಟ್ಸ್‌ಮನ್ ಹಾಗೆ ಕೊಟ್ಟವರ ಹೆಸರು ಹೇಳಿ, ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಸೊಗಸಾದ ಸುಳ್ಳು ಹೊಸೆಯತೊಡಗಿದರು. ಯಾರ ಮನಸ್ಸಿಗೂ ನೋವಾಗದ, ಕೇಳಿದವರ ಮುಖ ಅರಳುವಂಥ ಸುಳ್ಳು. ಚಂದಾದಾರನಿಗೆ ಇಷ್ಟು ಪ್ರೀತಿಯಿಂದ ಋಣ ತೀರಿಸಿದ ಪತ್ರಿಕೆ ನನಗೆ ಗೊತ್ತಿರುವಂತೆ ಬೇರೆ ಇಲ್ಲ.

ಇತ್ತ ಆಲಿವರ್‌ರ ಹೆಸರು ಬೆಳೆಯುತ್ತಿತ್ತು. 2013ರ ಬೇಸಿಗೆಯಲ್ಲಿ ನಿರೂಪಕ ಜಾನ್ ಸ್ಟುವರ್ಟ್ ಸಿನಿಮಾ ಮಾಡಲು ರಜೆ ಹಾಕಿದಾಗ 'ಡೈಲಿ ಶೋ'ವನ್ನು ಅವರೇ ನಡೆಸಿದರು. 2014ರ ಏಪ್ರಿಲ್‌ನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಅವರದೇ 'ಲಾಸ್ಟ್ ವೀಕ್ ಟುನೈಟ್' ಶುರುವಾಯಿತು. ವಾರ ತಪ್ಪದೆ ಬರುತ್ತಿದ್ದ ಬ್ಯೂಗಲ್ ಮೊದಲು ಆಗಾಗ ತಪ್ಪತೊಡಗಿತು, ಆಮೇಲೆ ಇನ್ನೂ ಅಪರೂಪವಾಯಿತು. 2016ರಲ್ಲಿ ಆಲಿವರ್ ಹೊರಬಂದರು. ಜಗಳವಿಲ್ಲ, ಮನಸ್ತಾಪವಿಲ್ಲ, ಅವರಿಗೆ ಹೊತ್ತೇ ಇರಲಿಲ್ಲ.

ಜೋಡಿಯಲ್ಲಿ ಒಬ್ಬರು ಎದ್ದು ಹೋದರೆ ಸಾಮಾನ್ಯವಾಗಿ ಕಾರ್ಯಕ್ರಮ ಅಲ್ಲಿಗೆ ಮುಗಿಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಬ್ಯೂಗಲ್ 'ರೇಡಿಯೊಟೋಪಿಯಾ' ಎಂಬ ಪಾಡ್‌ಕಾಸ್ಟ್ ಬಳಗ ಸೇರಿ ಮತ್ತೆ ಬಂತು. ಮುನ್ನೂರರ ಆಸುಪಾಸಿನಲ್ಲಿ ನಿಂತಿದ್ದ ಸಂಚಿಕೆಯ ಸಂಖ್ಯೆ ಒಮ್ಮೆಲೇ 4001ಕ್ಕೆ ಜಿಗಿಯಿತು. ಝಾಲ್ಟ್ಸ್‌ಮನ್ ಖಾಯಂ, ಎದುರಿನ ಕುರ್ಚಿಯಲ್ಲಿ ಸರದಿಯ ಮೇಲೆ ಬೇರೆ ಬೇರೆಯವರು: ನಿಶ್ ಕುಮಾರ್, ಆಸ್ಟ್ರೇಲಿಯದ ಆ್ಯಲಿಸ್ ಫ್ರೇಸರ್, ಅಮೆರಿಕದ ಹರಿ ಕೊಂಡಬೋಲು ಮತ್ತು ವಯಟ್ ಸೆನ್ಯಾಕ್, ಝಾಲ್ಟ್ಸ್‌ಮನ್‌ರ ತಂಗಿ ಹೆಲೆನ್. ನಿರ್ಮಾಪಕ ಕ್ರಿಸ್ ಸ್ಕಿನ್ನರ್ ತೆರೆಮರೆಯಿಂದ ಆಗಾಗ ಮಾತಿಗೆ ಸಿಕ್ಕುತ್ತಿದ್ದರು. ಸುದ್ದಿಯ ಹರವು ಹೆಚ್ಚಿತು, ಲಂಡನ್-ನ್ಯೂಯಾರ್ಕ್ ದಾಟಿ ಸಿಡ್ನಿ, ಮುಂಬೈ ಕೂಡ ನಕ್ಷೆಗೆ ಬಂದವು. ಆ ಹಳೆಯ ಸಲಿಗೆ ಮಾತ್ರ ಮರಳಿ ಬರಲಿಲ್ಲ ಎಂದೇ ನನ್ನ ಅಭಿಪ್ರಾಯ. ಪನ್ ಸರಪಳಿ ಶುರುವಾದರೆ ಹೊಸಬರು ನಗುತ್ತಾರೆ. ಆಲಿವರ್ ನರಳುತ್ತಿದ್ದರು, ಆ ನರಳಾಟದಲ್ಲಿ ವರ್ಷಗಳ ಸ್ನೇಹವಿತ್ತು.

ಮುಂಬೈಯಿಂದ ಸೇರಿದವರು ಅನುವಾಬ್ ಪಾಲ್. ನಾಟಕಕಾರ, ಹಾಸ್ಯಗಾರ. ಬ್ಯೂಗಲ್‌ಗೆ ಬರುವ ಮೊದಲೇ ಅವರು ನಟ ಕುನಾಲ್ ರಾಯ್ ಕಪೂರ್ ಜತೆ 'ಅವರ್ ಲಾಸ್ಟ್ ವೀಕ್' ಎಂಬ ಇಂಗ್ಲಿಷ್ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಕಳೆದ ವಾರ ತಮಗೆ ಏನಾಯಿತು, ಊರಲ್ಲಿ ಏನಾಯಿತು ಎಂದು ಇಬ್ಬರು ಗೆಳೆಯರು ಮಾತಾಡಿಕೊಳ್ಳುವುದೇ ಅದರ ಒಟ್ಟು ಬಂಡವಾಳ. ಭಾರತದಲ್ಲಿ ಪಾಡ್‌ಕಾಸ್ಟ್ ಕೇಳುವವರೇ ಕಡಿಮೆ ಇದ್ದ ಕಾಲದ ಸಾಹಸ ಅದು. ಬ್ಯೂಗಲ್‌ನಲ್ಲಿ ಅನುವಾಬ್ ನಮ್ಮ ದೇಶದ ರಾಜಕೀಯವನ್ನೂ ದಿನಚರಿಯನ್ನೂ ವಿವರಿಸುವಾಗ ಝಾಲ್ಟ್ಸ್‌ಮನ್ ಕೇಳುಗನ ಜಾಗಕ್ಕೆ ಸರಿಯುತ್ತಾರೆ. ಅಷ್ಟು ವರ್ಷ ಇನ್ನೊಬ್ಬರನ್ನು ನಗಿಸಿದವರು ತಾವೇ ನಗುತ್ತಾ ಕೂರುವುದನ್ನು ಕೇಳಲು ಸಂತೋಷವಾಗುತ್ತದೆ.

ಝಾಲ್ಟ್ಸ್‌ಮನ್‌ರನ್ನು ನಮ್ಮಲ್ಲಿ ಕೆಲವರು ಬ್ಯೂಗಲ್ ಕೇಳದೆಯೂ ಬಲ್ಲರು. ಕ್ರಿಕ್‌ಇನ್ಫೊ ತಾಣದಲ್ಲಿ ಅವರ ಅಂಕಣ ಬರುತ್ತಿತ್ತು. ಬಿಬಿಸಿಯ 'ಟೆಸ್ಟ್ ಮ್ಯಾಚ್ ಸ್ಪೆಷಲ್' ರೇಡಿಯೊ ವೀಕ್ಷಕ ವಿವರಣೆಯಲ್ಲಿ ಅಂಕಿಅಂಶ ಹೇಳುವವರು ಅವರೇ. 1966ರಿಂದ ನಾಲ್ಕು ದಶಕ ಬಿಲ್ ಫ್ರಿಂಡಾಲ್ ಕೂತ ಜಾಗ ಅದು. ಒಬ್ಬ ಬೌಲರ್ ಎಡಗೈ ಆಟಗಾರರ ಎದುರು, ಎರಡನೇ ಇನ್ನಿಂಗ್ಸಿನಲ್ಲಿ, ಚಹಾ ವಿರಾಮದ ನಂತರ ಎಷ್ಟು ವಿಕೆಟ್ ಪಡೆದಿದ್ದಾನೆ ಎಂಬಂಥ ಲೆಕ್ಕವನ್ನು ಅವರು ನಿಜವಾದ ಆನಂದದಿಂದ ಹೇಳುತ್ತಾರೆ. 2020ರಿಂದ ಬಿಬಿಸಿ ರೇಡಿಯೊ 4ರ 'ದ ನ್ಯೂಸ್ ಕ್ವಿಜ್' ಅವರ ಕೈಯಲ್ಲಿದೆ. 2024ರಲ್ಲಿ 'ಟಾಸ್ಕ್‌ಮಾಸ್ಟರ್' ಟೀವಿ ಸ್ಪರ್ಧೆಯ 18ನೇ ಸರಣಿಯನ್ನೂ ಗೆದ್ದರು. ಅವರ ಹಳೆಯ ಗೆಳೆಯನ ಖ್ಯಾತಿಯ ಮುಂದೆ ಇದು ಚಿಕ್ಕದಿರಬಹುದು. ಇಷ್ಟು ವರ್ಷ ಬ್ಯೂಗಲ್ ಬಿಡದೆ ನಡೆಸಿಕೊಂಡು ಬಂದವರಿಗೆ ಸಿಕ್ಕ ಆ ಮನ್ನಣೆ ನನಗಂತೂ ಬಹಳ ಖುಷಿ ಕೊಟ್ಟಿತು.

ಹೊಸದಾಗಿ ಕೇಳುವವರು ಅನುವಾಬ್ ಇರುವ ಯಾವುದಾದರೂ ಸಂಚಿಕೆಯಿಂದ ಶುರು ಮಾಡುವುದು ಒಳ್ಳೆಯದು. ಊರು, ಹೆಸರು, ಸಂದರ್ಭ ನಮಗೆ ಗೊತ್ತಿರುವವೇ ಆದ್ದರಿಂದ ಬ್ರಿಟಿಷ್ ಉಚ್ಚಾರಣೆಗೆ ಕಿವಿ ಬೇಗ ಒಗ್ಗುತ್ತದೆ. ಅಲ್ಲಿಂದ ಹಿಂದಕ್ಕೆ, 2011ರ ಜುಲೈ ತಿಂಗಳ ಸಂಚಿಕೆಗಳಿಗೆ ಹೋಗಿ. ಆಮೇಲೆ ಪನ್ ಸರಪಳಿಗಳನ್ನು ಹುಡುಕಿ. ಮೊದಲ ಸಲ ಅರ್ಧದಷ್ಟು ಪನ್‌ಗಳು ತಪ್ಪಿಹೋಗುತ್ತವೆ, ಆಲಿವರ್‌ರ ನಗು ತಪ್ಪುವುದಿಲ್ಲ. ಬೈಗುಳ ಧಾರಾಳವಾಗಿದೆ, ಹಾಗಾಗಿ ಮಕ್ಕಳು ಕೂತ ಕಾರಿನಲ್ಲಿ ಹಾಕಬೇಡಿ. ಇಯರ್‌ಫೋನ್ ಇಟ್ಟುಕೊಂಡು ಬಸ್ಸಿನಲ್ಲಿ ಕೇಳುವುದಾದರೆ ಪಕ್ಕದವರು ತಿರುಗಿ ನೋಡುವುದಕ್ಕೂ ಸಿದ್ಧರಾಗಿರಿ.