ವೃದ್ಧಾಲಯದ ಬಾಗಿಲಲ್ಲಿ ಪರೀಕ್ಷಕರು

ಉಪಾಹಾರಗೃಹವೊಂದರ ದೋಸೆ ರುಚಿಸದಿದ್ದರೆ ಗಿರಾಕಿಯು ಮರುದಿನ ಎದುರುಸಾಲಿನ ಮತ್ತೊಂದನ್ನು ಹೊಕ್ಕು ತನ್ನ ಅಸಮಾಧಾನವನ್ನು ಮಾತಿಲ್ಲದೆಯೇ ತೋರಿಸಿಕೊಳ್ಳಬಲ್ಲನು. ಆದರೆ ಎಂಬತ್ತೈದರ ವಯಸ್ಸಿನಲ್ಲಿ, ನಡೆಯುವ ಶಕ್ತಿ ಕುಂದಿ, ನೆನಪೂ ಮಸುಕಾಗಿ, ಮಕ್ಕಳು ದೂರದಲ್ಲಿರಲಾಗಿ, ವೃದ್ಧಾಲಯವೊಂದರ ಮಂಚವನ್ನು ಆಶ್ರಯಿಸಿದ ಜೀವಕ್ಕೆ ಆ ಸ್ವಾತಂತ್ರ್ಯವು ಉಳಿದಿರುವುದಿಲ್ಲ. ಊಟ ತಣ್ಣಗಾಗಿದ್ದರೂ, ಕರೆಗಂಟೆಗೆ ಯಾರೂ ಓಗೊಡದಿದ್ದರೂ, ಹೇಳಿಕೊಳ್ಳಲು ಬಾಯಿ ಬಾರದು. ನಾಳೆ ತನಗೆ ಸ್ನಾನ ಮಾಡಿಸಬೇಕಾದವಳು ಅದೇ ದಾದಿಯಲ್ಲವೆ ಎಂಬ ಅಳುಕು ಇದ್ದೇ ಇರುತ್ತದೆ. ಆದುದರಿಂದಲೇ ಇಂಥ ಆಲಯಗಳಲ್ಲಿ ವಾಸಿಗಳ ಪರವಾಗಿ ನೋಡತಕ್ಕವರು ಹೊರಗಿನಿಂದ ಬರಬೇಕಾಗುತ್ತದೆ. ಅವರು ಏನನ್ನು ನೋಡಬೇಕು, ಹೇಗೆ ನೋಡಬೇಕು, ಎಷ್ಟನ್ನು ನೋಡಲಾರರು ಎಂಬುದನ್ನು ಕಳೆದ ಎರಡು ದಶಕಗಳಲ್ಲಿ ಬಹಳ ನಾಚಿಕೆಪಟ್ಟು ಕಲಿತ ದೇಶಗಳಲ್ಲಿ ಐರ್ಲೆಂಡ್ ಒಂದು.

ಡಬ್ಲಿನ್ ನಗರದ ಉತ್ತರಕ್ಕೆ, ಸೋರ್ಡ್ಸ್ ಎಂಬ ಊರಿನ ಬಳಿಯಲ್ಲಿ, ಲೀಸ್ ಕ್ರಾಸ್ ಎಂಬ ಖಾಸಗಿ ವೃದ್ಧಾಲಯವಿತ್ತು. 2005ರ ಮೇ ತಿಂಗಳಲ್ಲಿ ಆ ದೇಶದ ಸಾರ್ವಜನಿಕ ದೂರದರ್ಶನ ಸಂಸ್ಥೆಯಾದ ಆರ್‌ಟಿಇ ಅಲ್ಲಿ ಗುಪ್ತವಾಗಿ ಚಿತ್ರೀಕರಿಸಿದ ದೃಶ್ಯಗಳನ್ನು ಪ್ರಸಾರಮಾಡಿದಾಗ ಜನ ದಿಗ್ಭ್ರಾಂತರಾದರು; ಕೆಲವೇ ತಿಂಗಳುಗಳಲ್ಲಿ ಆಲಯವು ಮುಚ್ಚಿಹೋಯಿತು. ಅಲ್ಲಿ ಮೃತರಾದ ನೂರಕ್ಕೂ ಮಿಕ್ಕಿದ ವೃದ್ಧರ ದಾಖಲೆಗಳನ್ನು ಪರಿಶೀಲಿಸಿದ ವೃದ್ಧರೋಗತಜ್ಞ ಡೆಸ್ ಓನೀಲ್ ಅವರು, 2006ರಲ್ಲಿ ಪ್ರಕಟವಾದ ವರದಿಯಲ್ಲಿ, ಇದು ಸಾಂಸ್ಥಿಕ ದೌರ್ಜನ್ಯವೆಂಬ ತೀರ್ಮಾನಕ್ಕೆ ಬಂದರು. ಇಲ್ಲಿ ಗಮನಿಸತಕ್ಕದ್ದೆಂದರೆ, ಲೀಸ್ ಕ್ರಾಸ್ ತಪಾಸಣೆಯನ್ನೇ ಕಾಣದ ಆಲಯವಲ್ಲ. ಸರ್ಕಾರಿ ಆರೋಗ್ಯ ಸೇವೆಯ ಅಧಿಕಾರಿಗಳು ಕಾಯ್ದೆಯ ಪ್ರಕಾರ ಅಲ್ಲಿಗೆ ಬಂದುಹೋಗಿದ್ದರು. ವೃದ್ಧರನ್ನು ಅಲ್ಲಿಗೆ ಸೇರಿಸುತ್ತಿದ್ದ ವ್ಯವಸ್ಥೆಯೇ ಅದನ್ನು ಪರೀಕ್ಷಿಸುವ ವ್ಯವಸ್ಥೆಯೂ ಆಗಿದ್ದಿತು. ಸರ್ಕಾರವೇ ನಡೆಸುತ್ತಿದ್ದ ಆಲಯಗಳಿಗಂತೂ ಇಂಥ ಪರೀಕ್ಷೆಯೇ ಇರಲಿಲ್ಲ.

2007ರ ಆರೋಗ್ಯ ಕಾಯ್ದೆಯಿಂದ ಹುಟ್ಟಿದ ಆರೋಗ್ಯ ಮಾಹಿತಿ ಮತ್ತು ಗುಣಮಟ್ಟ ಪ್ರಾಧಿಕಾರವು, ಜನರ ಬಾಯಲ್ಲಿ ‘ಹಿಕ್ವಾ’ ಎನಿಸಿಕೊಂಡು, 2009ರ ಜುಲೈ ತಿಂಗಳಿಂದ ಸರ್ಕಾರಿ, ಖಾಸಗಿ, ಧರ್ಮಾರ್ಥ ಎಂಬ ಭೇದವಿಲ್ಲದೆ ಸಮಸ್ತ ವೃದ್ಧಾಲಯಗಳ ನೋಂದಣಿಯನ್ನೂ ತಪಾಸಣೆಯನ್ನೂ ಕೈಗೆತ್ತಿಕೊಂಡಿತು. ನೋಂದಣಿಯ ಅವಧಿ ಮೂರು ವರ್ಷ. ಅನಂತರ ಹೊಸದಾಗಿ ಅರ್ಜಿ ಹಾಕತಕ್ಕದ್ದು. ಆಲಯದ ಮೇಲ್ವಿಚಾರಣೆ ವಹಿಸುವವರು ನೋಂದಾಯಿತ ದಾದಿಯಾಗಿದ್ದು, ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷವಾದರೂ ವೃದ್ಧರ ಶುಶ್ರೂಷೆ ಮಾಡಿರಬೇಕು. ಒಂದು ಕೋಣೆಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ಇರಕೂಡದು, ತಲೆಗೆ 7.4 ಚದರ ಮೀಟರಿನಷ್ಟಾದರೂ ಸ್ಥಳವಿದ್ದು, ಅಷ್ಟರೊಳಗೆ ಮಂಚ, ಕುರ್ಚಿ, ಬಟ್ಟೆಬರೆಯ ಕಪಾಟು ಅಡಕವಾಗಬೇಕು. ಈ ಕೊನೆಯ ನಿಯಮವು 2022ರ ಜನವರಿ 1ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದಾಗ, ಹಳೆಯ ಕಾಲದ ಉದ್ದುದ್ದ ವಾರ್ಡುಗಳನ್ನೇ ನಂಬಿದ್ದ ಆಲಯಗಳಿಗೆ ಮಂಚಗಳ ಸಂಖ್ಯೆಯನ್ನು ತಗ್ಗಿಸದೆ ಗತ್ಯಂತರವಿರಲಿಲ್ಲ.

ಪರೀಕ್ಷಕರು ಬಹುಪಾಲು ಮುನ್ಸೂಚನೆಯಿಲ್ಲದೆಯೇ ಬರುತ್ತಾರೆ. ಕಡತಗಳ ಕೋಣೆಗೆ ಹೋಗುವ ಮುನ್ನ ಬಲ್ಲ ಪರೀಕ್ಷಕನು ವಾಸಿಗಳು ಕುಳಿತಿರುವ ಹಜಾರದ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಾನೆ. ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳುವ ಸೇವಕಿಯು ತಳ್ಳುವ ಮುನ್ನ ಎದುರಿಗೆ ಬಂದು ಮಾತನಾಡಿಸುತ್ತಾಳೆಯೆ. ತುತ್ತು ತಿನ್ನಿಸುವವಳು ಪಕ್ಕದಲ್ಲಿ ಕುಳಿತು ನಿಧಾನವಾಗಿ ತಿನ್ನಿಸುತ್ತಾಳೆಯೋ, ಇಬ್ಬರ ನಡುವೆ ನಿಂತು ಎರಡು ಚಮಚಗಳನ್ನು ಆಡಿಸುತ್ತಾಳೆಯೋ. ಕರೆಗಂಟೆಯ ಗುಂಡಿಯು ಹಾಸಿಗೆಯಲ್ಲಿರುವ ಅಜ್ಜಿಯ ಕೈಗೆ ಎಟಕುವಂತಿದೆಯೋ, ಗೋಡೆಯ ಮೊಳೆಗೆ ಸುತ್ತಿಡಲ್ಪಟ್ಟಿದೆಯೋ. ಈ ಅರ್ಧ ಗಂಟೆಯ ಮೌನವು ಹೇಳುವುದನ್ನು ವ್ಯವಸ್ಥಾಪಕರ ಕಪಾಟಿನ ಯಾವ ಕಡತವೂ ಹೇಳಲಾರದೆಂಬುದು ನನ್ನ ನಂಬಿಕೆ.

ಕಡತಗಳೂ ತಮಗೆ ತಿಳಿಯದಂತೆ ಸಾಕ್ಷಿ ನುಡಿಯುವುದುಂಟು. ತಾನಾಗಿ ಹೊರಳಲಾರದ ವೃದ್ಧನನ್ನು ಹಾಸಿಗೆಹುಣ್ಣು ಏಳದಂತೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ, ಪ್ರತಿ ಸಲವೂ ವೇಳೆಯನ್ನು ಬರೆದಿಡುವುದು ವಾಡಿಕೆ. ಇಡೀ ರಾತ್ರಿಯ ನಮೂದುಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಓಟದ ಅಕ್ಷರದಲ್ಲಿ, ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ನಿಮಿಷವೂ ತಪ್ಪದೆ ಸಾಲಾಗಿ ನಿಂತಿದ್ದರೆ, ಅವೆಲ್ಲ ಬೆಳಗಿನ ಜಾವ ಒಟ್ಟಿಗೆ ಬರೆದವಾಗಿರಬಹುದೆಂಬ ಸಂಶಯ ಏಳದಿರದು. ಮಂಚದ ಎರಡು ಪಕ್ಕಕ್ಕೂ ಏರಿಸುವ ಕಂಬಿಗಳನ್ನು ನಾವು ರಕ್ಷಣೆಯೆಂದು ತಿಳಿಯುತ್ತೇವೆ. ಪರೀಕ್ಷಕನಿಗೆ ಅದು ಬಂಧನವೂ ಹೌದು. ನಿದ್ರೆ ಬರಿಸುವ, ಮನಸ್ಸನ್ನು ಮಂಕಾಗಿಸುವ ಮಾತ್ರೆಗಳೂ ಹಾಗೆಯೇ. ಅವನ್ನು ಯಾರ ಒಪ್ಪಿಗೆಯಿಂದ, ಯಾವ ಕಾರಣಕ್ಕೆ, ಎಷ್ಟು ಕಾಲಕ್ಕೆ ಬಳಸುತ್ತಿದ್ದೀರಿ ಎಂದು ಅವನು ಕೇಳುತ್ತಾನೆ.

ಬೆಂಕಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಗೋಡೆಯ ಮೇಲೆ ಕೆಂಪು ಸಿಲಿಂಡರನ್ನು ತೂಗುಹಾಕಿದಮಾತ್ರಕ್ಕೆ ಅಗ್ನಿಸುರಕ್ಷತೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಐರ್ಲೆಂಡಿನ ಪರೀಕ್ಷಕರು ಕೇಳುವ ಪ್ರಶ್ನೆಯೇ ಬೇರೆ: ಬೆಂಕಿ ಹರಡದಂತೆ ಗೋಡೆಬಾಗಿಲುಗಳಿಂದ ಬೇರ್ಪಡಿಸಿದ ವಿಭಾಗಗಳಲ್ಲಿ ಅತ್ಯಂತ ದೊಡ್ಡದರಲ್ಲಿರುವ ವಾಸಿಗಳನ್ನೆಲ್ಲ, ರಾತ್ರಿಯ ಪಾಳಿಯಲ್ಲಿರುವಷ್ಟೇ ಮಂದಿ ಸೇರಿ, ಪಕ್ಕದ ಸುರಕ್ಷಿತ ವಿಭಾಗಕ್ಕೆ ಸಾಗಿಸಲು ಎಷ್ಟು ನಿಮಿಷ ಬೇಕು, ಅದನ್ನು ಅಣಕುಪ್ರದರ್ಶನವಾಗಿ ಮಾಡಿ ಗಡಿಯಾರ ಹಿಡಿದು ನೋಡಿದ್ದೀರಾ? ಹಗಲಿನಲ್ಲಿ ಹತ್ತು ಮಂದಿ ಸೇವಕರಿರುವಾಗ ಮಾಡಿದ ಅಣಕುಪ್ರದರ್ಶನಕ್ಕೆ ಬೆಲೆಯಿಲ್ಲ. ಏಕೆಂದರೆ ರಾತ್ರಿ ಎರಡು ಗಂಟೆಗೆ ಇರತಕ್ಕವರು ಇಬ್ಬರೋ ಮೂವರೋ, ಎತ್ತಿ ಸಾಗಿಸಬೇಕಾದವರು ಹಲವರು. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲಿಗೆ ಓಡಾಟದ ಅನುಕೂಲಕ್ಕೆಂದು ಕುರ್ಚಿಯೊಂದನ್ನು ಆನಿಸಿಟ್ಟಿದ್ದರೆ, ಅಷ್ಟೆಲ್ಲ ಖರ್ಚಿನ ಆ ಬಾಗಿಲು ಇದ್ದೂ ಇಲ್ಲದಂತೆಯೇ. ಇಷ್ಟು ಸಣ್ಣ ವಿಷಯವನ್ನೂ ತಪಾಸಣಾ ವರದಿಯಲ್ಲಿ ಬರೆದು ಪ್ರಕಟಿಸುತ್ತಾರೆ.

ಪ್ರಕಟಿಸುವುದೇ ಈ ವ್ಯವಸ್ಥೆಯ ತಿರುಳು. ಪ್ರತಿ ವರದಿಯೂ ಆಲಯದ ಹೆಸರು ಸಮೇತ ಸಾರ್ವಜನಿಕರಿಗೆ ಸಿಕ್ಕುತ್ತದೆ. ಈಚಿನ ವರ್ಷಗಳಲ್ಲಿ ಅದರ ಮೊದಲ ಭಾಗವೇ ವಾಸಿಗಳು ಏನು ಹೇಳಿದರು, ಪರೀಕ್ಷಕರು ಏನು ಕಂಡರು ಎಂಬುದು. ತರುವಾಯ ಒಂದೊಂದು ನಿಯಮಕ್ಕೂ ಪಾಲನೆಯಾಗಿದೆ, ಬಹುಮಟ್ಟಿಗೆ ಪಾಲನೆಯಾಗಿದೆ, ಪಾಲನೆಯಾಗಿಲ್ಲ ಎಂಬ ನಿರ್ಣಯ. ಕೊನೆಯಲ್ಲಿ ಆಲಯದವರ ಉತ್ತರ ಮತ್ತು ಯಾವ ತಾರೀಖಿನೊಳಗೆ ಸರಿಪಡಿಸತಕ್ಕದ್ದೆಂಬ ವಾಯಿದೆ. ಮಾತು ಮೀರಿದರೆ ನೋಂದಣಿಯನ್ನು ರದ್ದುಪಡಿಸುವ, ನ್ಯಾಯಾಲಯಕ್ಕೆ ಹೋಗುವ ಅಧಿಕಾರವೂ ಉಂಟು. ಆದರೆ ಮುಚ್ಚಿಸುವುದು ಸುಲಭವಲ್ಲ; ಹಣ್ಣಾದ ಜೀವಗಳನ್ನು ಅವಸರದಲ್ಲಿ ಮತ್ತೊಂದು ಕಡೆಗೆ ಎತ್ತಿ ಸಾಗಿಸುವುದೂ ಅವರ ಪ್ರಾಣಕ್ಕೆ ಕುತ್ತಾಗಬಲ್ಲುದು.

ಇಷ್ಟಿದ್ದೂ ಲೋಪಗಳು ತಪ್ಪಲಿಲ್ಲ. 2020ರ ವಸಂತದ ಕೋವಿಡ್ ಅಲೆಯಲ್ಲಿ ಆ ದೇಶದಲ್ಲಿ ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವೃದ್ಧಾಲಯಗಳ ವಾಸಿಗಳಾಗಿದ್ದರು. 2025ರ ಜೂನ್ ತಿಂಗಳಲ್ಲಿ ಅದೇ ಆರ್‌ಟಿಇ ಎರಡು ಆಲಯಗಳೊಳಗೆ ಗುಪ್ತ ಕ್ಯಾಮೆರಾವನ್ನು ಕೊಂಡೊಯ್ದಾಗ, ಸಾಲದ ಸಿಬ್ಬಂದಿಯೂ, ಕರೆದರೂ ಬಾರದ ನೆರವೂ, ಒರಟು ಕೈಗಳೂ ಮತ್ತೆ ತೆರೆಯ ಮೇಲೆ ಕಾಣಿಸಿದವು. ಅವು ಹಿಕ್ವಾದ ತಪಾಸಣೆಗೆ ಒಳಪಟ್ಟಿದ್ದ ಆಲಯಗಳೇ. ವರ್ಷದಲ್ಲಿ ಒಂದೆರಡು ದಿನ ಬರುವವನಿಗೆ ಆ ಒಂದೆರಡು ದಿನಗಳು ಕಾಣುತ್ತವೆ, ಉಳಿದವು ಕಾಣುವುದಿಲ್ಲ. ಹಾಗೆಂದು ತಪಾಸಣೆಯೇ ವ್ಯರ್ಥವೆನ್ನುವವರ ಪಕ್ಷ ನನ್ನದಲ್ಲ: 2005ರಲ್ಲಿ ಜನರಿಗೆ ಕೋಪವಿತ್ತು, ಅಳತೆಗೋಲಿರಲಿಲ್ಲ, 2025ರಲ್ಲಿ ಎರಡೂ ಇದ್ದುವು.

ಕನ್ನಡಿಗರಿಗೆ ಈ ಕಥೆ ತೀರ ಹೊರಗಿನದಲ್ಲ. ಆ ಆಲಯಗಳಲ್ಲಿ ದುಡಿಯುವ ಭಾರತೀಯ ದಾದಿಯರಲ್ಲಿ ಕೇರಳದವರದು ದೊಡ್ಡ ಸಂಖ್ಯೆ. ಮಂಗಳೂರಿನ ಕಡೆಯವರೂ ಇದ್ದಾರೆ. ಐರ್ಲೆಂಡ್ ತನ್ನ ಕಾಯ್ದೆಯನ್ನು ಮಾಡಿದ 2007ರಲ್ಲಿಯೇ ನಮ್ಮ ಸಂಸತ್ತೂ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯ್ದೆಯನ್ನು ಮಾಡಿತು. ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವಂಥ ಆಲಯವನ್ನು ರಾಜ್ಯಗಳು ಸ್ಥಾಪಿಸಬಹುದೆಂದು ಅದು ಹೇಳಿತಾದರೂ, ಹಣ ಪಡೆದು ನಡೆಯುವ ಖಾಸಗಿ ಆಲಯಗಳ ನೋಂದಣಿಯನ್ನು ಕಡ್ಡಾಯಗೊಳಿಸಲಿಲ್ಲ. ಆ ಕೊರತೆಯನ್ನು ನೀಗಲೆಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯು, 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ತಾನೂ ಬಿದ್ದುಹೋಯಿತು.

ಇಂಥದೊಂದು ಕಾಯ್ದೆ ಬರುವವರೆಗೆ ಪರೀಕ್ಷಕನ ಕೆಲಸ ಮಕ್ಕಳ ಪಾಲಿಗೇ ಬಂದಿದೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ತಾಯಿಗಾಗಿ, ತಂದೆಗಾಗಿ ಇಂಥ ಆಲಯವನ್ನು ನೋಡಲು ಹೋಗುವ ಓದುಗರು ಹೂದೋಟವನ್ನೂ ದೇವರ ಕೋಣೆಯನ್ನೂ ನೋಡಿ ಮನಸೋಲದೆ, ಊಟದ ಹೊತ್ತಿಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಮತ್ತೊಮ್ಮೆ, ಹೇಳದೆ ಹೋಗಬೇಕು. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆಂದು ಕೇಳಬೇಕು. ಯಾವುದಾದರೊಂದು ಕೋಣೆಯ ಕರೆಗಂಟೆಯನ್ನು ಒತ್ತಿ, ಯಾರಾದರೂ ಬರುವವರೆಗೆ ಅಲ್ಲಿಯೇ ನಿಲ್ಲಬೇಕು. ಫೋನು ಮಾಡದೆ ಬರಕೂಡದೆಂದು ಆಲಯದವರು ಹಟ ಹಿಡಿದರೆ, ಬೇರೊಂದು ಆಲಯವನ್ನು ಹುಡುಕುವುದೇ ಲೇಸು.