ಹಿಮದ ನಾಡಿನ ಜೀವಿಗಳು, ನಮ್ಮ ಮಳೆಗಾಲದ ಅತಿಥಿ



ಕಳೆದ ತಿಂಗಳು ಮಕ್ಕಳ ಕನ್ನಡ ತರಗತಿಯಲ್ಲಿ ಪೆಂಗ್ವಿನ್ ಚಿತ್ರ ನೋಡಿದ ಹುಡುಗಿಯೊಬ್ಬಳು, "ಅಜ್ಜಾ, ಬರಿಗಾಲಲ್ಲಿ ಮಂಜುಗಡ್ಡೆ ಮೇಲೆ ನಿಂತರೆ ಅದರ ಕಾಲು ಮರಗಟ್ಟೋದಿಲ್ವಾ?" ಎಂದು ಕೇಳಿದಳು. ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತ ನೋಡಿದ ನನಗೆ ಉತ್ತರ ಗೊತ್ತಿರಲಿಲ್ಲ. "ಮುಂದಿನ ವಾರ ಹೇಳ್ತೀನಿ ಮಗಳೇ" ಎಂದು ತಪ್ಪಿಸಿಕೊಂಡೆ. ಆಮೇಲೆ ಓದಿ ತಿಳಿದದ್ದನ್ನು ಅವಳಿಗೆ ಹೇಳಿಯಾಯಿತು. ದೊಡ್ಡವರಿಗೂ ಇರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಂಟಾರ್ಕ್ಟಿಕಾ ಎಂದರೆ ನಮಗೆ ಸಂಬಂಧವಿಲ್ಲದ ದೂರದ ಮಾತು ಎಂದುಕೊಳ್ಳಬೇಡಿ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹೊರಟದ್ದು ನಮ್ಮ ಗೋವಾದಿಂದಲೇ. ಡಾ. ಸೈಯದ್ ಜಹೂರ್ ಖಾಸಿಂ ಅವರ ನೇತೃತ್ವದಲ್ಲಿ 21 ಮಂದಿ 1981ರ ಡಿಸೆಂಬರ್ 6ರಂದು 'ಪೋಲಾರ್ ಸರ್ಕಲ್' ಎಂಬ ಹಡಗಿನಲ್ಲಿ ಹೊರಟು, 1982ರ ಜನವರಿ 9ರಂದು ಆ ನೆಲದ ಮೇಲೆ ಕಾಲಿಟ್ಟರು. ಈಗ ಅಲ್ಲಿ ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಎಂಬ ಎರಡು ನಿಲ್ದಾಣಗಳು ನಡೆಯುತ್ತಿವೆ. ಎರಡರ ಉಸ್ತುವಾರಿಯೂ ವಾಸ್ಕೊದ ಹೆಡ್‌ಲ್ಯಾಂಡ್ ಸಡಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು. ಮೊಲೆಂನಿಂದ ವಾಸ್ಕೊಗೆ ಹೋಗಿಬರುವ ನಮ್ಮಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ.

ಡಿಸೆಂಬರಿನಲ್ಲಿ ಅನಮೋಡ ಘಟ್ಟದ ಕಡೆಯಿಂದ ತಣ್ಣನೆ ಗಾಳಿ ಬಂದರೆ ನಾವು ಮಫ್ಲರ್ ಹುಡುಕುತ್ತೇವೆ. ಅಂಟಾರ್ಕ್ಟಿಕಾದ ವೋಸ್ಟಾಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ದಾಖಲಾದ ಉಷ್ಣಾಂಶ ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗೆ! ಆ ಖಂಡದ ನೂರಕ್ಕೆ 98 ಭಾಗ ಹಿಮದಡಿಯಲ್ಲಿದೆ. ಜೀವಿಗಳೆಲ್ಲ ಇರುವುದು ಹೆಚ್ಚಾಗಿ ಕರಾವಳಿಯಲ್ಲಿ, ಕಡಲಿನ ಆಸರೆಯಲ್ಲಿ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಪೆಂಗ್ವಿನ್ ಕಾಲಿನಲ್ಲಿ ಕೆಳಗಿಳಿಯುವ ಬಿಸಿರಕ್ತದ ನಾಳ ಮತ್ತು ಮೇಲೇರುವ ತಣ್ಣನೆ ರಕ್ತದ ನಾಳ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬಿಸಿನೀರಿನ ಪೈಪು ಮತ್ತು ತಣ್ಣೀರಿನ ಪೈಪನ್ನು ಜೋಡಿಸಿ ಕಟ್ಟಿದಂತೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಹಾಗಾಗಿ ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿರುತ್ತದೆ, ಮೈಯ ಶಾಖ ನೆಲಕ್ಕೆ ಸೋರಿಹೋಗುವುದಿಲ್ಲ.

ಪೆಂಗ್ವಿನ್‌ಗಳಲ್ಲೆಲ್ಲ ದೊಡ್ಡದು ಎಂಪರರ್ ಪೆಂಗ್ವಿನ್, ಎಂದರೆ ಚಕ್ರವರ್ತಿ ಪೆಂಗ್ವಿನ್. ಎತ್ತರ ಸುಮಾರು ನಾಲ್ಕು ಅಡಿ. ಇದು ಮರಿ ಮಾಡುವುದು ಅಲ್ಲಿನ ಕಡು ಚಳಿಗಾಲದಲ್ಲಿ, ಕಡಲಿನ ಮೇಲೆ ಹೆಪ್ಪುಗಟ್ಟಿದ ಮಂಜಿನ ಹಾಸಿನ ಮೇಲೆ. ತಾಯಿ ಒಂದೇ ಮೊಟ್ಟೆ ಇಟ್ಟು, ಅದನ್ನು ತಂದೆಗೆ ಒಪ್ಪಿಸಿ ಆಹಾರಕ್ಕಾಗಿ ಕಡಲಿಗೆ ಹೋಗುತ್ತಾಳೆ. ತಂದೆ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ ಸುಮಾರು ಎರಡು ತಿಂಗಳು ಕಾವು ಕೊಡುತ್ತಾನೆ. ಜೋಡಿಯಾಗಲು ಬಂದ ದಿನದಿಂದ ಲೆಕ್ಕ ಹಿಡಿದರೆ ಅವನ ಉಪವಾಸ ನೂರು ದಿನ ದಾಟುತ್ತದೆ. ಸಾವಿರಾರು ತಂದೆಯರು ಒತ್ತೊತ್ತಾಗಿ ನಿಲ್ಲುತ್ತಾರೆ. ಗುಂಪು ನಿಧಾನವಾಗಿ ಕದಲುತ್ತಲೇ ಇರುವುದರಿಂದ ಹೊರಗಿದ್ದವನಿಗೆ ಒಳಗಿನ ಬಿಸುಪು ಸಿಗುತ್ತದೆ, ಒಳಗಿದ್ದವನು ಹೊರಗೆ ಬರುತ್ತಾನೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಈ ಪದ್ಧತಿ ಬಂದರೆ ಒಳ್ಳೆಯದು!

ನೀರಿನೊಳಗಿನ ಕತೆ ಇನ್ನೂ ಸೋಜಿಗ. ಅಲ್ಲಿನ ಕಡಲ ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗಿಳಿದರೂ ಉಪ್ಪಿನಿಂದಾಗಿ ದ್ರವವಾಗಿಯೇ ಇರುತ್ತದೆ. ಅಲ್ಲಿನ ಅನೇಕ ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇದೆ. ಐಸ್‌ಫಿಶ್ ಎಂಬ ಮೀನಿನ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲವೇ ಇಲ್ಲ. ಆದ್ದರಿಂದ ರಕ್ತ ಕೆಂಪಗಿಲ್ಲ, ನೀರಿನಂತೆ ತಿಳಿ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದ ಅದರ ಬದುಕು ನಡೆಯುತ್ತದೆ. ವೆಡೆಲ್ ಸೀಲ್ ಮಂಜಿನ ಹಾಸಿನ ಕೆಳಗೆ ಈಜುತ್ತಾ, ಉಸಿರಾಡುವ ತೂತು ಮುಚ್ಚಿಹೋಗದಂತೆ ಹಲ್ಲಿನಿಂದ ಕೆರೆದು ಕಾಯುತ್ತದೆ. ವಯಸ್ಸಾಗಿ ಹಲ್ಲು ಸವೆದರೆ ಅದರ ಬಾಳಿಗೇ ಕುತ್ತು. ಇವರಲ್ಲಿ ಹೆಚ್ಚಿನವರ ಊಟದ ಬುಡದಲ್ಲಿರುವುದು ಕ್ರಿಲ್, ಸಿಗಡಿಯಂಥ ಬೆರಳುದ್ದದ ಜೀವಿ. ಅದರ ಮರಿಗಳು ಚಳಿಗಾಲದಲ್ಲಿ ಮಂಜಿನ ಅಡಿಗೆ ಬೆಳೆಯುವ ಪಾಚಿ ತಿಂದು ಬದುಕುತ್ತವೆ. (ಮಕ್ಕಳ ಚಿತ್ರಗಳಲ್ಲಿ ಪೆಂಗ್ವಿನ್ ಪಕ್ಕ ಬಿಳಿ ಕರಡಿ ನಿಂತಿರುತ್ತದೆ. ಅವು ಎಂದೂ ಭೇಟಿಯಾಗುವುದಿಲ್ಲ. ಕರಡಿ ಇರುವುದು ಉತ್ತರ ಧ್ರುವದ ಕಡೆ.)

ಭಾರತಿ ನಿಲ್ದಾಣ ಇರುವ ಲಾರ್ಸ್‌ಮನ್ ಬೆಟ್ಟಗಳಲ್ಲಿ ಮೂರು ಬಗೆಯ ಹಕ್ಕಿಗಳು ಮರಿ ಮಾಡುತ್ತವೆ: ಸ್ಕುವಾ, ಅಚ್ಚಬಿಳಿಯ ಸ್ನೋ ಪೆಟ್ರೆಲ್ ಮತ್ತು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಈ ಮೂರನೆಯದನ್ನು ನೆನಪಿಡಿ. ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಗುಬ್ಬಿಗಿಂತ ಸ್ವಲ್ಪ ದೊಡ್ಡದು, ತೂಕ ಸುಮಾರು 40 ಗ್ರಾಂ. ಅಲ್ಲಿನ ಬೇಸಿಗೆಯಲ್ಲಿ ಬಂಡೆಯ ಬಿರುಕಿನಲ್ಲಿ ಮರಿ ಮಾಡಿ, ಚಳಿಗಾಲ ಬರುವಾಗ ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಹಾರುತ್ತದೆ. ಅದರಲ್ಲಿ ಒಂದು ಪಾಲು ತಲುಪುವುದು ನಮ್ಮ ಅರಬ್ಬಿ ಸಮುದ್ರಕ್ಕೆ! ನಮ್ಮ ಮಳೆಗಾಲದ ಹೊತ್ತಿನಲ್ಲಿ ಗೋವಾ, ಕಾರವಾರದಾಚೆಯ ಆಳ ಕಡಲಿನಲ್ಲಿ ನೀರಿನ ಮೇಲೆ ಕಾಲಾಡಿಸುತ್ತಾ ಹೆಜ್ಜೆ ಹಾಕುವಂತೆ ಹಾರುವ ಹಕ್ಕಿ ಇದೇ. ಆ ಹಿಮದ ನಾಡಿನಿಂದ ವೀಸಾ, ಟಿಕೆಟ್ಟು ಯಾವುದೂ ಇಲ್ಲದೆ ಬರುವ ಅತಿಥಿ.

ಈ ಜೀವಿಗಳ ಬಗ್ಗೆ ಓದುವ ಮೊದಲು ಚಳಿಯೇ ಅವುಗಳ ಶತ್ರು ಎಂದುಕೊಂಡಿದ್ದೆ. ಹಾಗಲ್ಲ. ಮಂಜುಗಡ್ಡೆಯೇ ಅವುಗಳ ಅಂಗಳ, ತೊಟ್ಟಿಲು, ಅನ್ನದ ಗದ್ದೆ. ಅದು ಅಕಾಲದಲ್ಲಿ ಒಡೆಯುವುದೇ ಆಪತ್ತು. 2022ರ ಕೊನೆಯಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಭಾಗದಲ್ಲಿ, ಎಂಪರರ್ ಮರಿಗಳಿಗೆ ನೀರು ತಡೆಯುವ ಗರಿ ಮೂಡುವ ಮೊದಲೇ ಮಂಜಿನ ಹಾಸು ಒಡೆದುಹೋಯಿತು. ಅಲ್ಲಿನ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಆ ವರ್ಷದ ಒಂದು ಮರಿಯೂ ಉಳಿದಿರಲಾರದು ಎಂದು ಉಪಗ್ರಹ ಚಿತ್ರ ನೋಡಿದ ವಿಜ್ಞಾನಿಗಳು ತೀರ್ಮಾನಿಸಿದರು. ನೂರು ದಿನ ಉಪವಾಸವಿದ್ದ ತಂದೆಯರ ಶ್ರಮವೆಲ್ಲ ನೀರುಪಾಲಾಯಿತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ನಮ್ಮೆಲ್ಲರ ಊರಿನ ಹೊಗೆಯೂ ಕಾರಣವೇ ತಾನೇ?

ನಮ್ಮ ದೇಶ ಸುಮ್ಮನೆ ಕುಳಿತಿಲ್ಲ. 2022ರಲ್ಲಿ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಮಾಡಿದೆ. ನಮ್ಮ ತಂಡಗಳು ಪರವಾನಗಿ ಇಲ್ಲದೆ ಅಲ್ಲಿನ ಹಕ್ಕಿ, ಸೀಲುಗಳಿಗೆ ತೊಂದರೆ ಕೊಡುವಂತಿಲ್ಲ, ಹೊರಗಿನ ಪ್ರಾಣಿಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ.

ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಬಿರುಗಾಳಿ ಮಳೆಯಲ್ಲಿ ದಣಿದ ಕಡಲ ಹಕ್ಕಿಗಳು ಕೆಲವೊಮ್ಮೆ ದಡಕ್ಕೆ ಬಂದು ಬೀಳುತ್ತವೆ. ವಾಸ್ಕೊ, ಕಾರವಾರ, ಅಂಕೋಲಾ ಕಡೆಯ ಸದಸ್ಯರು ಅಂಥ ಹಕ್ಕಿ ಕಂಡರೆ ಮತ್ತೆ ನೀರಿಗೆ ಎಸೆಯಬೇಡಿ, ಬಾಯಿಗೆ ನೀರು ಸುರಿಯಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣಬಟ್ಟೆ ಹಾಸಿ, ಅದನ್ನು ಇಟ್ಟು, ನಾಯಿ ಕಾಗೆಗಳಿಂದ ಕಾಪಾಡಿ, ಹತ್ತಿರದ ಅರಣ್ಯ ಇಲಾಖೆಗೆ ತಿಳಿಸಿ. ಅದು ನಮ್ಮ ಭಾರತಿಯ ನೆರೆಮನೆಯಿಂದಲೇ ಬಂದದ್ದಾಗಿರಬಹುದು.

ಮುಂದಿನ ಮಕ್ಕಳ ತರಗತಿಗೆ ನಿಮ್ಮ ಮೊಮ್ಮಕ್ಕಳನ್ನು ತಪ್ಪದೆ ಕಳುಹಿಸಿ. ಪ್ರಶ್ನೆಗಳನ್ನೂ ಜೊತೆಗೆ ಕಳುಹಿಸಿ. ಉತ್ತರ ಗೊತ್ತಿಲ್ಲದಿದ್ದರೆ ಒಂದು ವಾರದ ಕಾಲಾವಕಾಶ ಕೊಡಬೇಕು, ಅಷ್ಟೇ.

ಇಂತು ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಮೊಲೆಂ