ಗೊರಕೆಯ ನಡುವೆ ಉಸಿರು ನಿಂತರೆ

ತೆಂಗಿನ ತೋಟದಲ್ಲಿ ದುಡಿದು ಬಂದವರು ಗೊರಕೆ ಹೊಡೆದರೆ ಒಳ್ಳೆಯ ನಿದ್ರೆ ಎನ್ನುತ್ತೇವೆ. ಆದರೆ ಗೊರಕೆಯ ನಡುವೆ ಮೇಲಿಂದ ಮೇಲೆ 10 ಸೆಕೆಂಡಿಗೂ ಹೆಚ್ಚು ಉಸಿರು ನಿಲ್ಲುತ್ತಿದ್ದರೆ ಅದು ಕಾಯಿಲೆ.

ಹೆಚ್ಚಿನವರಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಬೊಜ್ಜು, ದಪ್ಪ ಕುತ್ತಿಗೆ, ಚಿಕ್ಕ ದವಡೆ, ಕುಡಿತ ಇದ್ದವರಿಗೆ ಈ ಅಪಾಯ ಹೆಚ್ಚು. ಹೆಂಗಸರಿಗೆ ಮುಟ್ಟು ನಿಂತ ಮೇಲೆ. ಇನ್ನೊಂದು ಬಗೆಯಲ್ಲಿ ದಾರಿ ತೆರೆದೇ ಇರುತ್ತದೆ, ಉಸಿರಾಡಲು ಮೆದುಳು ಕೊಡುವ ಆಜ್ಞೆಯೇ ತಪ್ಪುತ್ತದೆ. ಹೃದಯ ದುರ್ಬಲವಾದವರಲ್ಲಿ, ಲಕ್ವ ಹೊಡೆದವರಲ್ಲಿ ಇದು ಕಾಣುವುದುಂಟು. ಎರಡೂ ಬೆರೆತದ್ದೂ ಇದೆ.

ಹಗಲಲ್ಲಿ ತೂಕಡಿಸುವವರು ಮರ ಹತ್ತುವುದು, ಹಾಲಿನ ಕ್ಯಾನು ಕಟ್ಟಿಕೊಂಡು ಬೈಕ್ ಓಡಿಸುವುದು ಅಪಾಯ. ರೋಗಿಗೆ ತನ್ನ ಉಸಿರು ನಿಂತದ್ದು ತಿಳಿಯದು. ಮನೆಯವರೇ ವೈದ್ಯರಿಗೆ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಪರೀಕ್ಷೆಯುಂಟು. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿ. ನಿದ್ರೆ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ, ಉಸಿರುಕಟ್ಟುವುದು ಹೆಚ್ಚೀತು.